ಹಿತ್ತಿಲ ಕೊಳದಲ್ಲಿ ಮೀನು ಕಡಿಮೆಯಾಗುತ್ತಿದೆಯೇ? ಬಲೆ ತರುವ ಮೊದಲು ಕಳ್ಳನನ್ನು ಪತ್ತೆ ಮಾಡಿ

ನಾನು ಮಾಡಿದ ದಡ್ಡತನದಿಂದಲೇ ಶುರು ಮಾಡುತ್ತೇನೆ. ನಮ್ಮದು ಮೂಡಿಗೆರೆ ಕಡೆಯ ಸಣ್ಣ ಕಾಫಿ ತೋಟ. ಮನೆ ಹಿತ್ತಿಲಲ್ಲಿ 24 ಅಡಿ ಉದ್ದ, 16 ಅಡಿ ಅಗಲ, 5 ಅಡಿ ಆಳದ ಒಂದು ಕೊಳ ಇದೆ. ಮೇಲಿನ ಹಳ್ಳದಿಂದ ಪೈಪಿನಲ್ಲಿ ನೀರು ಬರುತ್ತದೆ, ಜಾಸ್ತಿಯಾದದ್ದು ಕೋಡಿಯಲ್ಲಿ ಹರಿದು ಕೆಳಗಿನ ಗದ್ದೆಗೆ ಹೋಗುತ್ತದೆ. ಮೊದಲ ವರ್ಷ ಕಾಟ್ಲಾ, ರೋಹು, ಗೆಂಡೆ ಸೇರಿಸಿ 40 ಮರಿ ಬಿಟ್ಟಿದ್ದೆವು. ಮುಂದಿನ ಜೂನ್ ಮುಗಿಯುವಷ್ಟರಲ್ಲಿ ಅರ್ಧಕ್ಕರ್ಧ ಇಲ್ಲ. ಕೊಳದ ಪಕ್ಕದ ಸಿಲ್ವರ್ ಮರದಲ್ಲಿ ದಿನಾ ಒಂದು ಮಿಂಚುಳ್ಳಿ ಕೂತಿರುತ್ತಿತ್ತು. ಇದೇ ಕಳ್ಳ ಅಂತ ತೀರ್ಮಾನ ಮಾಡಿ, ಮಳೆಯಲ್ಲೇ ನಾಲ್ಕು ಕಂಬ ನೆಟ್ಟು ಮೇಲೆ ನೈಲಾನ್ ಬಲೆ ಎಳೆದೆ.

ಮಾರನೇ ದಿನ ಬೆಳಿಗ್ಗೆ ನೋಡಿದರೆ ಮಿಂಚುಳ್ಳಿ ನಾನು ನೆಟ್ಟ ಕಂಬದ ತುದಿಯಲ್ಲೇ ಕೂತಿತ್ತು. ಮರದ ಕೊಂಬೆಗಿಂತ ಅದು ನೀರಿಗೆ ಹತ್ತಿರ ನೋಡಿ! ಮೀನು ಕಡಿಮೆಯಾಗುವುದಂತೂ ನಿಲ್ಲಲಿಲ್ಲ. ಅವು ಹೋಗುತ್ತಿದ್ದದ್ದು ಕೋಡಿಯಲ್ಲಿ, ನೀರಿನ ಜೊತೆಗೆ. ತಿಂಗಳಾದ ಮೇಲೆ ಕೆಳಗಿನ ಗದ್ದೆಯ ಗೌಡ್ರು, "ನಿಮ್ಮ ಗೆಂಡೆ ಚೆನ್ನಾಗಿದ್ವು ಕಣ್ರೀ" ಅಂದಾಗಲೇ ನನಗೆ ಗೊತ್ತಾಗಿದ್ದು.

ಅದಕ್ಕೇ ಹೇಳುವುದು, ಮೊದಲು ಪತ್ತೆ, ಆಮೇಲೆ ಬಲೆ. ಹಕ್ಕಿಗೆ ಹಾಕಿದ ಬಲೆ ನೀರುನಾಯಿಯನ್ನು ತಡೆಯುವುದಿಲ್ಲ. ನೀರುನಾಯಿಗೆ ಹಾಕಿದ ಬೇಲಿ, ಕೊಳದ ಒಳಗೇ ಇದ್ದು ಮರಿ ತಿನ್ನುವ ಕೊರವ ಮೀನಿಗೆ ಲೆಕ್ಕಕ್ಕೇ ಇಲ್ಲ.

ನಿಜವಾಗಿ ಕಡಿಮೆಯಾಗಿದೆಯೇ?

ಇದು ತಮಾಷೆಯ ಪ್ರಶ್ನೆಯಲ್ಲ. ಎಷ್ಟೋ ಸಲ ಮೀನು ಕೊಳದಲ್ಲೇ ಇರುತ್ತದೆ, ಮೇಲೆ ಬರುವುದಿಲ್ಲ ಅಷ್ಟೆ. ನಮ್ಮ ಕಡೆ ಡಿಸೆಂಬರ್, ಜನವರಿಯ ಚಳಿಗೆ ನೀರು ತಣ್ಣಗಾದರೆ ಗೆಂಡೆ ಜಾತಿಯ ಮೀನು ತಿನ್ನುವುದು ಕಡಿಮೆ ಮಾಡಿ ತಳ ಹಿಡಿಯುತ್ತದೆ. ತೌಡು, ಕಡಲೆಕಾಯಿ ಹಿಂಡಿ ಹಾಕಿದರೂ ಬರುವುದಿಲ್ಲ. ನೀರು ಹಸಿರಾದರೆ ಒಂದು ಅಡಿಯ ಕೆಳಗೆ ಏನೂ ಕಾಣುವುದಿಲ್ಲ.

ಹಾಗಾಗಿ ಒಂದು ವಾರ ದಿನಾ ಒಂದೇ ಹೊತ್ತಿಗೆ, ಒಂದೇ ಮೂಲೆಯಲ್ಲಿ ತಿಂಡಿ ಹಾಕಿ ನೋಡಿ. ಬಿಸಿಲು ಸ್ವಲ್ಪ ಏರಿದ ಮೇಲೆ, ಹತ್ತು ಗಂಟೆ ಹೊತ್ತಿಗೆ ಒಳ್ಳೆಯದು. ಎಷ್ಟು ಬಂದವು, ದೊಡ್ಡವೋ ಸಣ್ಣವೋ ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ. ನಿನ್ನೆವರೆಗೆ ಗುಂಪಾಗಿ ಬರುತ್ತಿದ್ದವು ಇವತ್ತು ಒಂದೂ ಬರದಿದ್ದರೆ, ಬಂದದ್ದು ನೆರಳು ಕಂಡರೂ ಒಳಗೆ ಓಡಿದರೆ, ರಾತ್ರಿ ಯಾವುದೋ ಪ್ರಾಣಿ ನೀರಿಗೆ ಇಳಿದಿರಬಹುದು. ಹೆದರಿದ ಮೀನು ಎರಡು ಮೂರು ದಿನ ತಿಂಡಿಯ ಕಡೆ ತಲೆ ಹಾಕುವುದಿಲ್ಲ. ಅದೇ ದಿನಕ್ಕೊಂದೆರಡು ಕಡಿಮೆಯಾಗುತ್ತಾ, ಉಳಿದವು ಆರಾಮಾಗಿ ತಿನ್ನುತ್ತಿದ್ದರೆ ಕಳ್ಳ ಬೇರೆ.

ಸತ್ತವೋ, ಹೋದವೋ?

ಸತ್ತ ಮೀನನ್ನು ಎತ್ತಿಕೊಂಡು ಹೋಗುವ ಹದ್ದು, ಕಾಗೆ, ಬೆಕ್ಕಿನ ಮೇಲೆ ಕೊಲೆಯ ಆರೋಪ ಬರುವುದು ಮಾಮೂಲು. ನೀವು ಏಳುವ ಮೊದಲೇ ಅವು ಬಂದು ಸ್ವಚ್ಛ ಮಾಡಿ ಹೋಗಿರುತ್ತವೆ. ನಿಮಗೆ ಕಾಣುವುದು ದಡದ ಮೇಲಿನ ನಾಲ್ಕು ಹುರುಪೆ, ಒಂದು ತಲೆ.

ಒಂದು ದಿನ ಬೆಳಗಿನ ಜಾವ ಐದೂವರೆಗೆ ಟಾರ್ಚ್ ಹಿಡಿದು ಹೋಗಿ. ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಾ ಗಾಳಿ ಗುಟುಕರಿಸುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಸಾಲುತ್ತಿಲ್ಲ. ನೀರು ತೀರಾ ಹಸಿರಾಗಿದ್ದಾಗ, ಅಥವಾ ಎರಡು ಮೂರು ದಿನ ಮೋಡ ಮುಚ್ಚಿದಾಗ ಹೀಗಾಗುತ್ತದೆ. ಹಗಲು ಆಮ್ಲಜನಕ ಕೊಟ್ಟ ಪಾಚಿಯೇ ರಾತ್ರಿ ಅದನ್ನು ಎಳೆದುಕೊಳ್ಳುತ್ತದೆ. ಇಂಥ ಸಾವಿನಲ್ಲಿ ಮೊದಲು ಹೋಗುವುದು ದೊಡ್ಡ ಮೀನು. ಸಣ್ಣವು ಹೇಗೋ ಬದುಕುತ್ತವೆ. ಆ ಹೊತ್ತಿಗೆ ಹೊಸ ನೀರನ್ನು ಎತ್ತರದಿಂದ ಚಿಮ್ಮಿಸಿ ಬಿಡಿ, ಎರಡು ದಿನ ತಿಂಡಿ ನಿಲ್ಲಿಸಿ.

ಕಾಫಿ ಸೀಮೆಯವರಿಗೆ ಇನ್ನೆರಡು ಅನುಮಾನ ಇರಲೇಬೇಕು. ಒಂದು, ಕೊಯ್ಲಿನ ತಿಂಗಳುಗಳಲ್ಲಿ ಹಳ್ಳಕ್ಕೆ ಬರುವ ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದಿಂದ ಬರುವ ನೀರು. ಹಣ್ಣಿನ ಸಿಹಿ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ. ನೀರಿಗೆ ಹುಳಿ ವಾಸನೆ, ಮೇಲೆ ಕಂದು ನೊರೆ ಕಂಡರೆ ಮೊದಲು ಪೈಪ್ ಮುಚ್ಚಿ. ಇನ್ನೊಂದು, ಮಳೆಗೆ ಮೊದಲು ಗಿಡಕ್ಕೆ ಹೊಡೆಯುವ ಬೋರ್ಡೋ ಔಷಧಿ. ಅದರಲ್ಲಿರುವ ಮೈಲುತುತ್ತು ಮೀನಿಗೆ ವಿಷ. ಮೇಲಿನ ತೋಟದವರು ಡ್ರಮ್ಮು, ಸ್ಪ್ರೇಯರನ್ನು ಹಳ್ಳದಲ್ಲೇ ತೊಳೆದರೆ ಕೆಳಗಿನ ಕೊಳದ ಮರಿಗಳು ಉಳಿಯುವುದು ಕಷ್ಟ. ಇಂಥದ್ದು ಆದಾಗ ಮೀನಿನ ಜೊತೆಗೆ ಕಪ್ಪೆಮರಿ, ಸಿಗಡಿ ಕೂಡ ಸತ್ತಿರುತ್ತವೆ. ಯಾವ ಬೇಟೆಗಾರ ಪ್ರಾಣಿಯೂ ಹೀಗೆ ಎಲ್ಲವನ್ನೂ ಕೊಂದು ಬಿಟ್ಟು ಹೋಗುವುದಿಲ್ಲ.

ಕೋಡಿ ನೋಡಿದಿರಾ?

ಮೃಗಶಿರ ಮಳೆ ಹಿಡಿದು ಆರಿದ್ರೆ ಮುಗಿಯುವವರೆಗಿನ ಲೆಕ್ಕವೇ ಬೇರೆ. ಹೊಸ ನೀರು ಬಂದರೆ ಮೀನಿಗೆ ಹುಚ್ಚು ಹಿಡಿದಂತಾಗುತ್ತದೆ. ಮೊದಲ ಮಳೆಗೆ ಹಳ್ಳದಲ್ಲಿ ಮೀನು ಹತ್ತುವುದನ್ನು, ಅದಕ್ಕೆ ಜನ ಬಿದಿರಿನ ಬೋನಾದ ಕೂಳಿ ಒಡ್ಡುವುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ನಿಮ್ಮ ಕೊಳದ ಮೀನಿಗೂ ಅದೇ ಬುದ್ಧಿ. ಹರಿಯುವ ನೀರು ಕಂಡ ಕಡೆ ನುಗ್ಗುತ್ತದೆ.

ಪರೀಕ್ಷೆ ಸುಲಭ. ಕೋಡಿಯ ಬಾಯಿಗೆ, ಹೊರಗಡೆಯಿಂದ, ಒಂದು ಹಳೇ ಸೊಳ್ಳೆಪರದೆಯನ್ನು ಚೀಲದ ಹಾಗೆ ಕಟ್ಟಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅದರಲ್ಲಿ ಮೀನು ಸಿಕ್ಕಿದರೆ ಕಳ್ಳ ಸಿಕ್ಕಿದ ಹಾಗೇ. ಜೋರು ಮಳೆಯಲ್ಲಿ ಪರದೆ ಹರಿದುಹೋದೀತು, ಸಾಧಾರಣ ಮಳೆಯ ದಿನ ಮಾಡಿ.

ಸರಿ ಮಾಡುವಾಗ ನಾನು ಮಾಡಿದ ಎರಡನೇ ತಪ್ಪನ್ನೂ ಹೇಳಿಬಿಡುತ್ತೇನೆ. ಕೋಡಿಗೆ ನೇರವಾಗಿ ಒಂದು ಕೋಳಿ ಜಾಲರಿ ಬಡಿದೆ. ಒಂದೇ ರಾತ್ರಿಯಲ್ಲಿ ಸಿಲ್ವರ್ ಎಲೆ ಬಂದು ಕೂತು ಜಾಲರಿ ಗೋಡೆಯಾಯಿತು. ನೀರು ಏರಿಯ ಮೇಲೆಯೇ ಹರಿದು, ಮೀನಿನ ಜೊತೆ ಅರ್ಧ ಬುಟ್ಟಿ ಮಣ್ಣೂ ಹೋಯಿತು. ಜಾಲರಿ ಅಗಲವಾಗಿರಬೇಕು, ಓರೆಯಾಗಿರಬೇಕು. ಕೋಡಿ ಒಂದು ಅಡಿ ಅಗಲವಿದ್ದರೆ ಜಾಲರಿ ಮೂರು ಅಡಿ ಅಗಲಕ್ಕೆ, ಕೊಳದ ಒಳಗಡೆ ಅರ್ಧಚಂದ್ರದ ಹಾಗೆ ಬರಲಿ. ಎಲೆ ಒಂದು ಕಡೆ ಕೂತರೂ ನೀರಿಗೆ ಇನ್ನೊಂದು ಕಡೆ ದಾರಿ ಇರುತ್ತದೆ. ಮಳೆಗಾಲದಲ್ಲಿ ದಿನಕ್ಕೆರಡು ಸಲ ಎಲೆ ಬಾಚಲೇಬೇಕು, ಬೇರೆ ದಾರಿ ಇಲ್ಲ. ಏರಿಯಲ್ಲಿ ಏಡಿ ಬಿಲ ಇದ್ದರೆ ಜೇಡಿಮಣ್ಣು ತುಂಬಿ ತುಳಿಯಿರಿ.

ಒಳಗಿನ ಕಳ್ಳ

ದಡದ ಮೇಲೆ ಒಂದು ಹೆಜ್ಜೆಯಿಲ್ಲ, ಒಂದು ಹುರುಪೆಯಿಲ್ಲ, ಕೋಡಿ ಭದ್ರವಾಗಿದೆ, ಆದರೂ ಎರಡು ಇಂಚಿನ ಮರಿಗಳು ಕರಗುತ್ತಿವೆ ಅನ್ನುವವರು ನೀರಿನ ಒಳಗೆ ನೋಡಬೇಕು.

ಮರಿ ಒಂದೆರಡು ಇಂಚು ಇರುವಾಗ ಅದಕ್ಕೆ ನೀರಿನ ಹುಳವೇ ಹುಲಿ. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನ ತಳದಲ್ಲಿ ಕೂತು ಮೀನು ಮರಿ ಹಿಡಿಯುತ್ತದೆ. ಅಂಗೈ ಅಗಲದ ನೀರು ತಿಗಣೆಯಂತೂ ಸೂಜಿಯಂಥ ಬಾಯಿ ಚುಚ್ಚಿ ಹೀರುತ್ತದೆ. ಇಂಥ ಸತ್ತ ಮರಿ ಕೈಗೆ ಸಿಕ್ಕಿದರೆ ಒಳಗೇನೂ ಇಲ್ಲದ ಚರ್ಮದ ಹಾಗಿರುತ್ತದೆ. ಸೊಳ್ಳೆಪರದೆಯನ್ನು ಅಂಚಿನ ಹುಲ್ಲಿನಲ್ಲಿ ಎರಡು ಸಲ ಎಳೆದರೆ ಯಾರ್ಯಾರಿದ್ದಾರೆ ಅಂತ ತಿಳಿಯುತ್ತದೆ. ಮರಿ ಬಿಡುವ ಹಿಂದಿನ ದಿನ, ಗಾಳಿಯಿಲ್ಲದ ಹೊತ್ತಿನಲ್ಲಿ, ಸೋಪು ಮತ್ತು ಎಣ್ಣೆ ಕದಡಿ ಹಾಕುವುದು ಮೀನು ಸಾಕುವವರು ಮೊದಲಿನಿಂದ ಮಾಡಿಕೊಂಡು ಬಂದ ಉಪಾಯ. 10 ಚದರ ಮೀಟರಿಗೆ 18 ಗ್ರಾಂ ಸೋಪು, 56 ಗ್ರಾಂ ಅಡುಗೆ ಎಣ್ಣೆ. ಮೇಲೆ ಬಂದು ಗಾಳಿ ತೆಗೆದುಕೊಳ್ಳುವ ಹುಳಗಳು ಈ ಪದರಕ್ಕೆ ಉಸಿರುಕಟ್ಟಿ ಸಾಯುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿ ಮಾತ್ರ ಸಾಯುವುದಿಲ್ಲ, ಅದು ನೀರಿನಲ್ಲೇ ಉಸಿರಾಡುತ್ತದೆ. ನನ್ನ ಪ್ರಕಾರ ಇದೆಲ್ಲದಕ್ಕಿಂತ ಒಳ್ಳೆಯದು, ನಾಲ್ಕು ಇಂಚು ದಾಟಿದ ಮರಿಯನ್ನೇ ತಂದು ಬಿಡುವುದು. ದುಡ್ಡು ಸ್ವಲ್ಪ ಜಾಸ್ತಿ, ತಲೆನೋವು ಕಡಿಮೆ.

ದೊಡ್ಡ ಒಳಗಳ್ಳ ಅಂದರೆ ಕೊರವ. ಹಳ್ಳದ ನೀರಿನ ಜೊತೆ ಬೆರಳುದ್ದದ ಮರಿಯಾಗಿ ಪೈಪಿನಲ್ಲಿ ಬರುತ್ತದೆ, ವರ್ಷದೊಳಗೆ ಕೊಳದ ಯಜಮಾನನಾಗುತ್ತದೆ. ಮುಗುಡು ಅನ್ನುವ ಮೀಸೆ ಮೀನಿನ ಕಥೆಯೂ ಅದೇ. ಅದಕ್ಕೆ ಪೈಪೂ ಬೇಡ, ಮಳೆಯ ರಾತ್ರಿ ಒದ್ದೆ ನೆಲದ ಮೇಲೇ ತೆವಳಿಕೊಂಡು ಬರಬಲ್ಲದು. ಎರಡೂ ಗಾಳಿ ಕುಡಿಯಲು ಆಗಾಗ ಮೇಲೆ ಬರುತ್ತವೆ. ಸಂಜೆ ಅಲುಗಾಡದೆ ಅರ್ಧ ಗಂಟೆ ಕೂತರೆ ಒಂದೇ ಕಡೆ "ಗುಳುಕ್" ಅಂತ ಸದ್ದು, ಒಂದು ಗುಳ್ಳೆ, ಮತ್ತೆ ಮೌನ. ಅದು ಕಂಡರೆ ಗಾಳಕ್ಕೆ ಎರೆಹುಳ ಅಥವಾ ಸಣ್ಣ ಕಪ್ಪೆ ಸಿಕ್ಕಿಸಿ. ನೀರು ಬರುವ ಪೈಪಿನ ಬಾಯಿಗೆ ಸೊಳ್ಳೆಪರದೆಯ ಚೀಲ ಕಟ್ಟುವುದನ್ನು ಮರೆಯಬೇಡಿ. ಕಟ್ಟುವ ಮೊದಲೇ ಒಳಗೆ ಬಂದು ಕೂತಿದ್ದರೆ ಬೇಸಿಗೆಯಲ್ಲಿ ನೀರು ಖಾಲಿ ಮಾಡಿದಾಗಲೇ ಗೊತ್ತಾಗುವುದು.

ಹಗಲಿನ ಕಳ್ಳರು

ಹಕ್ಕಿಗಳಲ್ಲಿ ಮಿಂಚುಳ್ಳಿಯ ಪಾಲು ಸಣ್ಣದು. ಚಿಕ್ಕ ನೀಲಿ ಮಿಂಚುಳ್ಳಿಗೆ ಎರಡು ಮೂರು ಇಂಚಿಗಿಂತ ದೊಡ್ಡ ಮೀನು ನುಂಗಲಾಗದು. ಎದೆ ಬಿಳಿ ಇರುವ ದೊಡ್ಡ ಮಿಂಚುಳ್ಳಿ ಮೀನಿನಷ್ಟೇ ಮಿಡತೆ, ಹಲ್ಲಿಯನ್ನೂ ತಿನ್ನುತ್ತದೆ. ನಾನು ಬೈದದ್ದು ಇದನ್ನೇ, ಪಾಪ. ನಿಜವಾಗಿ ಲೆಕ್ಕ ತಪ್ಪಿಸುವುದು ಬಕ ಮತ್ತು ನೀರುಕಾಗೆ.

ಬಕ ನೀರಿಗೆ ಧುಮುಕುವುದಿಲ್ಲ, ನಡೆದು ಬರುತ್ತದೆ. ಮಣ್ಣಿನ ಬಣ್ಣಕ್ಕೆ ಸೇರಿಕೊಂಡು ಅಂಚಿನಲ್ಲಿ ಕಲ್ಲಿನ ಹಾಗೆ ನಿಲ್ಲುತ್ತದೆ. ಹಾರಿದಾಗ ಬಿಳಿ ರೆಕ್ಕೆ ಕಂಡ ಮೇಲೇ, ಅಯ್ಯೋ ಇಲ್ಲೇ ಇತ್ತಲ್ಲ ಅನ್ನಿಸುವುದು. ಅದಕ್ಕೆ ಬೇಕಾದ್ದು ತನ್ನ ಮೊಣಕಾಲು ಮುಳುಗುವಷ್ಟು ನೀರಿರುವ ಇಳಿಜಾರು ದಡ. ಅದನ್ನೇ ಕೊಡಬೇಡಿ. ಅಂಚು ಸೈಜುಗಲ್ಲಿನಲ್ಲಿ ನೇರ ಕಟ್ಟಿ, ಅಂಚಿನಲ್ಲೇ ಎರಡು ಅಡಿ ಆಳವಿರಲಿ. ಈಗಾಗಲೇ ಇಳಿಜಾರಿದ್ದರೆ ಕೊಳದ ಸುತ್ತ ಅರ್ಧ ಅಡಿ ಮತ್ತು ಒಂದು ಅಡಿ ಎತ್ತರದಲ್ಲಿ ಎರಡು ಸಾಲು ತಂತಿ ಎಳೆಯಿರಿ. ನಡೆದು ಬರುವ ಹಕ್ಕಿಯ ಕಾಲಿಗೆ ಅದು ತಡೆಯಾಗುತ್ತದೆ. ಹಿಡಿತ ತಪ್ಪಿದ ದೊಡ್ಡ ಮೀನಿನ ಬೆನ್ನಿನಲ್ಲಿ ಒಂದೇ ಒಂದು ಆಳದ ತೂತು ಇದ್ದರೆ ಅದು ಬಕನ ಕೊಕ್ಕು.

ನೀರುಕಾಗೆ ಒಂಟಿಯಾಗಿಯೂ ಬರುತ್ತದೆ, ಗುಂಪಾಗಿಯೂ ಬರುತ್ತದೆ. ಮುಳುಗಿ ಬೆನ್ನಟ್ಟಿ ಹಿಡಿಯುತ್ತದೆ. ಅದರ ಕೊಕ್ಕಿನ ತುದಿ ಕೊಕ್ಕೆಯ ಹಾಗೆ ಬಾಗಿದೆ. ಆದ್ದರಿಂದ ತಪ್ಪಿಸಿಕೊಂಡ ಮೀನಿನ ಒಂದು ಮಗ್ಗುಲಲ್ಲಿ ಸೀಳು, ಇನ್ನೊಂದು ಮಗ್ಗುಲಲ್ಲಿ ಹುರುಪೆ ಕಿತ್ತ ಗುರುತು ಇರುತ್ತದೆ. ಹತ್ತಿರದ ಬಂಡೆ, ಕಂಬದ ಮೇಲೆ ಸುಣ್ಣ ಚೆಲ್ಲಿದ ಹಾಗೆ ಹಿಕ್ಕೆ ಬಿದ್ದಿರುತ್ತದೆ. ಇದಕ್ಕೆ ಮೇಲೆ ಬಲೆ ಅಥವಾ ಅಡ್ಡ ದಾರವೇ ಬೇಕು. ಸಣ್ಣ ಕೊಳಕ್ಕೆ ನನಗೆ ದಾರವೇ ಇಷ್ಟ. ನೀರಿನಿಂದ ಎರಡು ಅಡಿ ಎತ್ತರದಲ್ಲಿ ಒಂದೊಂದು ಅಡಿಗೆ ಉದ್ದುದ್ದ, ಅಡ್ಡಡ್ಡ ಬಿಗಿಯಾಗಿ ದಪ್ಪ ದಾರ ಎಳೆದರೆ ಇಳಿಯುವ ಹಕ್ಕಿಗೆ ರೆಕ್ಕೆ ಬಿಚ್ಚಲು ಜಾಗವಿರುವುದಿಲ್ಲ.

ಬಲೆಯೇ ಬೇಕೆಂದರೆ ಒಂದು ಮಾತು. ತೆಳು ನೈಲಾನ್ ಎಳೆಯ, ಸಡಿಲ ಬಲೆ ತರಬೇಡಿ. ನಾನು ಮೊದಲು ಹಾಕಿದ್ದು ಅದೇ. ಎರಡು ವಾರದಲ್ಲಿ ಅದರಲ್ಲಿ ಒಂದು ನೀರುಹಾವು ಸಿಕ್ಕಿಕೊಂಡಿತು. ಮುಂದೆ ನುಗ್ಗಿದಷ್ಟೂ ಎಳೆ ಹುರುಪೆಯ ಕೆಳಗೆ ಕೂರುತ್ತಿತ್ತು. ಅಮ್ಮ ಟಾರ್ಚ್ ಹಿಡಿದಿದ್ದರು, ನಾನು ಹಾವಿನ ತಲೆಯ ಮೇಲೆ ಗೋಣಿ ಮುಚ್ಚಿ ಉಗುರು ಕತ್ತರಿಯಲ್ಲಿ ಒಂದೊಂದೇ ಎಳೆ ಬಿಡಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ನೀರುಹಾವು ಅಂತ ಖಾತ್ರಿ ಇದ್ದದ್ದಕ್ಕೆ ಕೈ ಹಾಕಿದೆ. ನಿಮಗೆ ಹಾವಿನ ಗುರುತು ಸಿಗದಿದ್ದರೆ ಹತ್ತಿರ ಹೋಗಬೇಡಿ, ಹಾವು ಹಿಡಿಯುವವರನ್ನೋ ಅರಣ್ಯ ಇಲಾಖೆಯವರನ್ನೋ ಕರೆಯಿರಿ. ಈಗ ಹಾಕಿರುವ ಬಲೆಯ ಕಣ್ಣಿನಲ್ಲಿ ಕಿರುಬೆರಳೂ ತೂರುವುದಿಲ್ಲ, ಎಳೆ ದಪ್ಪ, ಬಣ್ಣ ಬಿಳಿ. ಎಲೆ ಜಾರಿ ಬೀಳಲಿ ಅಂತ ಓರೆಯಾಗಿ ಕಟ್ಟಿದ್ದೇನೆ. ಹೊಳೆಯುವ ಪಟ್ಟಿ, ಹಳೇ ಸಿ.ಡಿ., ಬೆದರುಬೊಂಬೆ ಎಲ್ಲ ನಾಲ್ಕು ದಿನದ ಆಟ. ಐದನೇ ದಿನ ಬಕ ಬೊಂಬೆಯ ತಲೆಯ ಮೇಲೇ ಕೂತಿರುತ್ತದೆ.

ಇನ್ನೊಂದು ವಿಷಯ ಎಷ್ಟೋ ಜನರ ತಲೆಗೆ ಹೋಗುವುದಿಲ್ಲ. ನಮ್ಮ ಹಳ್ಳದ ನೀರು ಗಾಜಿನ ಹಾಗೆ ತಿಳಿ. ಅದರಲ್ಲಿ ಮೀನು ತಟ್ಟೆಯಲ್ಲಿಟ್ಟ ಹಾಗೆ ಮೇಲಿನಿಂದ ಕಾಣುತ್ತದೆ. ಸ್ವಲ್ಪ ಕೊಳೆತ ಸಗಣಿ ಗೊಬ್ಬರವನ್ನು ಚೀಲದಲ್ಲಿ ಕಟ್ಟಿ ನೀರಿಗೆ ಬಿಟ್ಟು ನೀರನ್ನು ತೆಳು ಹಸಿರಿಗೆ ತನ್ನಿ. ಕೈ ಇಳಿಬಿಟ್ಟರೆ ಮೊಣಕೈ ಮುಳುಗುವಷ್ಟರಲ್ಲಿ ಬೆರಳು ಮಾಯವಾಗಬೇಕು. ಅದಕ್ಕಿಂತ ಮೊದಲೇ ಮಾಯವಾದರೆ ಜಾಸ್ತಿ ಆಯಿತು, ಬೆಳಗಿನ ಜಾವದ ಉಸಿರಾಟದ ತೊಂದರೆ ಶುರುವಾಗುತ್ತದೆ. ತಳದಲ್ಲಿ ಆರು ಇಂಚಿನ ಪಿವಿಸಿ ಪೈಪಿನ ಮೂರು ಅಡಿ ತುಂಡುಗಳನ್ನು ಹಾಕಿದರೆ ಹಕ್ಕಿ ಬಂದಾಗ ಮೀನಿಗೆ ಅಡಗಲು ಮನೆಯಾಗುತ್ತದೆ. ತಾವರೆಯೋ ನೀರ್ಗಿಡವೋ ಕೊಳದ ಮೂರರಲ್ಲೊಂದು ಪಾಲು ಮುಚ್ಚಿದರೆ ಸಾಕು.

ರಾತ್ರಿಯವರಿಗೆ ಮರಳಿನ ಪರೀಕ್ಷೆ

ಸಿಸಿ ಕ್ಯಾಮೆರಾ ಇದ್ದವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಇಲ್ಲದವರು ಎರಡು ಬುಟ್ಟಿ ಸಣ್ಣ ಮರಳು ತಂದು ಕೊಳದ ಸುತ್ತ ಎರಡು ಅಡಿ ಅಗಲಕ್ಕೆ ಹರಡಿ, ಸ್ವಲ್ಪ ನೀರು ಚಿಮುಕಿಸಿ, ಹಲಗೆಯಲ್ಲಿ ಎಳೆದು ಸಮ ಮಾಡಿ. ಮರಳು ಸಿಗದಿದ್ದರೆ ಜರಡಿ ಹಿಡಿದ ಒಲೆಬೂದಿ. ಮಳೆಗಾಲದಲ್ಲಿ ಇದು ನಡೆಯುವುದಿಲ್ಲ, ಅಂಚಿನ ಕೆಸರನ್ನೇ ಸವರಿ ನುಣುಪು ಮಾಡಿಡಿ. ಬೆಳಿಗ್ಗೆ ನಾಯಿ ಬಿಡುವ ಮೊದಲು ನೋಡಿ.

ನಾಲ್ಕು ಬೆರಳು, ಉಗುರಿನ ಗುರುತಿಲ್ಲ, ದುಂಡಗಿದೆ: ಬೆಕ್ಕು. ನಾಲ್ಕು ಬೆರಳು, ಉಗುರು ಮೂಡಿದೆ: ನಾಯಿ. ಐದು ಬೆರಳು ಕಂಡರೆ ನೀರುನಾಯಿ, ಮುಂಗುಸಿ, ಪುನುಗು ಬೆಕ್ಕು ಮೂರರಲ್ಲೊಂದು. ಹೆಜ್ಜೆ ಬೆಂಕಿಪೊಟ್ಟಣಕ್ಕಿಂತ ದೊಡ್ಡದಿದ್ದು, ಬೆರಳು ಬೀಸಣಿಗೆಯ ಹಾಗೆ ಅಗಲಿದ್ದು, ನಡುವೆ ತೆಳು ಚರ್ಮದ ಅಚ್ಚು ಕಂಡರೆ ನೀರುನಾಯಿಯೇ. ನಡುವಿನಲ್ಲಿ ಬಾಲ ಎಳೆದ ಗೆರೆ, ಎರಡು ಪಕ್ಕ ಉಗುರಿನ ಹೆಜ್ಜೆ ಇದ್ದರೆ ಉಡ. ಅದು ಸತ್ತ ಮೀನಿಗೂ ಬರುತ್ತದೆ, ಆದ್ದರಿಂದ ಮತ್ತೆ ಮೊದಲ ಪ್ರಶ್ನೆಗೆ ಹೋಗಿ: ಸತ್ತವೋ, ಹೋದವೋ?

ಪುನುಗು ಬೆಕ್ಕನ್ನು ನಮ್ಮ ಕಡೆ ಸುಮ್ನೆ ಬೈಯುತ್ತಾರೆ. ಅದರ ಹಿಕ್ಕೆಯಲ್ಲಿ ಕಾಫಿ ಬೀಜವೇ ತುಂಬಿರುತ್ತದೆ. ಕೊಳಕ್ಕೆ ಬಂದದ್ದು ನೀರು ಕುಡಿಯಲು. ಮನೆ ಬೆಕ್ಕು ಅಂಚಿಗೆ ಬಂದ ಮೀನನ್ನು ಪಂಜದಲ್ಲಿ ಬಾಚುತ್ತದೆ, ಅಷ್ಟೇ. ಅಂಚು ಎತ್ತರಿಸಿದರೆ ಅದರ ಕಥೆ ಮುಗಿಯಿತು. ಮೀನುಗೂಬೆ ಹತ್ತಿರದ ಕೊಂಬೆಯಲ್ಲಿ ಕೂತು ರಾತ್ರಿ ಎರಗುತ್ತದೆ. ಅದೇ ಕೊಂಬೆಯ ಕೆಳಗೆ ಮುಳ್ಳು, ಏಡಿ ಚಿಪ್ಪು ಬಿದ್ದಿದ್ದರೆ ಕೊಂಬೆ ಕಡಿಯಿರಿ, ಸಾಕು. ನೀರುಹಾವು ಗುರುತೇ ಬಿಡುವುದಿಲ್ಲ. ಒಂದೆರಡು ಹಾವು ತಿನ್ನುವ ಮೀನಿಗೆ ನಾನಂತೂ ಲೆಕ್ಕ ಇಡುವುದಿಲ್ಲ. ವಿಷವಿಲ್ಲದ್ದು, ಕಪ್ಪೆಯನ್ನೂ ತಿನ್ನುತ್ತದೆ, ಇರಲಿ ಬಿಡಿ.

ನೀರುನಾಯಿ ಬಂದಿದ್ದರೆ

ನಮಗೆ ಬಂದದ್ದು ಮೂರನೇ ವರ್ಷದ ಫೆಬ್ರವರಿಯಲ್ಲಿ, ಹಳ್ಳ ಬತ್ತಿ ಗುಂಡಿ ಗುಂಡಿಯಾಗಿದ್ದಾಗ. ಒಂದೇ ರಾತ್ರಿ ಐದು ಮೀನು, ಎಲ್ಲ ಒಂದೊಂದು ಕೆ.ಜಿ. ದಾಟಿದವು. ಏರಿಯ ಮೇಲೆ ಎರಡು ತಲೆ, ಒಂದು ಬಾಲ. ಹುಲ್ಲು ಮಲಗಿ, ಕೊಳದಿಂದ ಹಳ್ಳದ ಕಡೆಗೆ ಯಾರೋ ಒದ್ದೆ ಗೋಣಿ ಎಳೆದ ಹಾಗೆ ಜಾರುದಾರಿ. ಒಂದು ಚಪ್ಪಟೆ ಕಲ್ಲಿನ ಮೇಲೆ ಹಿಕ್ಕೆ ಹಾಕಿತ್ತು. ಕಡ್ಡಿಯಲ್ಲಿ ಕೆದಕಿ ನೋಡಿದೆ: ಬರೀ ಹುರುಪೆ, ಸಣ್ಣ ಮುಳ್ಳು, ಎಣ್ಣೆ ಸವರಿದ ಹಾಗೆ ಮಿರುಗು, ಒಣಮೀನಿನ ಘಾಟು. ಹತ್ತು ಹೆಜ್ಜೆ ಕೆಳಗೆ ಹಳ್ಳದ ಬಂಡೆಯ ಮೇಲೆ ಇನ್ನೊಂದು ಹಳೇ ಹಿಕ್ಕೆ ಇತ್ತು. ಅದರ ತುಂಬ ಕೆಂಪು ಏಡಿ ಚಿಪ್ಪಿನ ಚೂರು.

ಈ ವ್ಯತ್ಯಾಸ ಗೊತ್ತಿರಬೇಕು. ನಮ್ಮ ಘಟ್ಟದ ಹಳ್ಳಗಳಲ್ಲಿ ಮುಖ್ಯವಾಗಿ ಎರಡು ಜಾತಿಯ ನೀರುನಾಯಿ ಓಡಾಡುತ್ತವೆ. ತೋಟದ ಸಣ್ಣ ಹಳ್ಳಗಳಲ್ಲಿ ಇರುವ ಚಿಕ್ಕದು ಮುಖ್ಯವಾಗಿ ಏಡಿ ತಿನ್ನುವಂಥದ್ದು. ಭದ್ರಾ, ಹೇಮಾವತಿಯಂಥ ಹೊಳೆಗಳಲ್ಲಿ ಗುಂಪಾಗಿ ಇರುವ ದೊಡ್ಡದು ಮೀನನ್ನೇ ನೆಚ್ಚಿಕೊಂಡಿರುತ್ತದೆ. ಹಿಕ್ಕೆಯಲ್ಲಿ ಬರೀ ಏಡಿ ಚಿಪ್ಪಿದ್ದರೆ ಕೊಳಕ್ಕೆ ಅಪಾಯ ಕಡಿಮೆ. ಏರಿಗೆ ತೂತು ಕೊರೆಯುವ ಏಡಿಯನ್ನೇ ಅದು ತಿನ್ನುತ್ತಿದೆ. ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಉರುಳು, ವಿಷ, ಕೋವಿ ಯಾವುದೂ ನಡೆಯದು, ನಡೆಯಬಾರದು ಕೂಡ.

ಬಲೆ ಇದಕ್ಕೆ ಲೆಕ್ಕವಲ್ಲ, ಅಡಿಯಿಂದ ನುಸುಳುತ್ತದೆ. ಅಡಗಲು ಹಾಕಿದ ಪೈಪೂ ಉಪಯೋಗವಿಲ್ಲ, ಒಳಗೇ ತಲೆ ಹಾಕುತ್ತದೆ. ಬೇಕಾದ್ದು ಬೇಲಿ. ನಾಲ್ಕೂವರೆ ಅಡಿ ಎತ್ತರದ ಗಟ್ಟಿ ತಂತಿ ಜಾಲರಿ, ಮೇಲಿನ ಒಂದು ಅಡಿ ಹೊರಗೆ ಬಾಗಿರಬೇಕು. ಕೆಳಗಡೆ ಜಾಲರಿಯನ್ನು ನೆಲದಲ್ಲಿ ಹೊರಮುಖವಾಗಿ ಎರಡು ಅಡಿ ಮಡಿಸಿ ಹಾಸಿ, ಮೇಲೆ ಮಣ್ಣು ಮುಚ್ಚಿ. ಬೇಲಿಯ ಬುಡಕ್ಕೆ ಬಂದು ಅಗೆಯುವ ಪ್ರಾಣಿಗೆ ಹಿಂದೆ ಸರಿದು ಅಗೆಯಬೇಕು ಅಂತ ಹೊಳೆಯುವುದಿಲ್ಲ. ಕೋಡಿ ಮತ್ತು ಪೈಪಿನ ಬಾಯಿ ತೆರೆದಿದ್ದರೆ ಈ ಬೇಲಿಯೆಲ್ಲ ದಂಡ, ಅಲ್ಲಿಂದಲೇ ಬರುತ್ತದೆ. ಅಲ್ಲಿ ಕಬ್ಬಿಣದ ಸರಳು ಹಾಕಿ.

ಅಷ್ಟು ಖರ್ಚು ಬೇಡ ಅನ್ನುವವರಿಗೆ ಸೋಲಾರ್ ಬೇಲಿಯ ಯಂತ್ರ ಇದ್ದರೆ ನೆಲದಿಂದ 4 ಇಂಚು ಮತ್ತು 8 ಇಂಚಿಗೆ ಎರಡು ತಂತಿ ಸಾಕು. ಒದ್ದೆ ಮೈಯ ಪ್ರಾಣಿಗೆ ಮೂಗು ತಾಗಿದರೆ ಎರಡನೇ ಸಲ ಬರುವುದಿಲ್ಲ. ಹುಲ್ಲು ತಂತಿಗೆ ತಾಗಿದರೆ ಕರೆಂಟು ನೆಲಕ್ಕೆ ಹೋಗುತ್ತದೆ, ವಾರಕ್ಕೊಮ್ಮೆ ಸವರಿ. ಯಂತ್ರ ಬಿಡುವುದು ಕ್ಷಣಮಾತ್ರದ ಹೊಡೆತ, ಅದರಿಂದ ಜೀವ ಹೋಗುವುದಿಲ್ಲ. ಮನೆಯ ಲೈನಿನಿಂದ ನೇರ ತಂತಿ ಎಳೆಯುವ ಯೋಚನೆ ಮಾತ್ರ ಕನಸಿನಲ್ಲೂ ಬೇಡ. ಅದು ಅಪರಾಧ, ಮತ್ತು ಬೆಳಿಗ್ಗೆ ಅಲ್ಲಿ ಬಿದ್ದಿರುವುದು ನೀರುನಾಯಿ ಆಗಿರಬೇಕೆಂದೇನೂ ಇಲ್ಲ.

ಬೇಲಿ ಆಗುವವರೆಗೆ ನಾಲ್ಕು ದಿನ ಕೊಳದ ಪಕ್ಕ ನಾಯಿ ಕಟ್ಟಿ, ಲೈಟು ಹಾಕಿಡಿ. ರುಚಿ ಕಂಡದ್ದು ಮಾರನೇ ರಾತ್ರಿಯೂ ಬರುತ್ತದೆ.

ಎರಡು ಕಾಲಿನ ನೀರುನಾಯಿ

ದೊಡ್ಡ ಮೀನೆಲ್ಲ ಒಂದೇ ರಾತ್ರಿ ಹೋಗಿವೆ, ಆದರೆ ಒಂದು ಹುರುಪೆಯೂ ಬಿದ್ದಿಲ್ಲ, ಹಿಕ್ಕೆಯಿಲ್ಲ, ನೀರು ಮಾತ್ರ ಬೆಳಿಗ್ಗೆಯವರೆಗೂ ರಾಡಿ. ಮರಳಿನ ಮೇಲೆ ಯಾರೋ ಸೊಪ್ಪಿನಲ್ಲಿ ಗುಡಿಸಿದ ಗುರುತು. ಪ್ರಾಣಿ ಗುಡಿಸುವುದಿಲ್ಲ ಅಲ್ವಾ? ಹಬ್ಬದ ಹಿಂದಿನ ದಿನವೋ ಶನಿವಾರ ರಾತ್ರಿಯೋ ಆಗಿದ್ದರೆ ಇನ್ನೂ ಖಚಿತ. ಕೊಳದ ತಳದಲ್ಲಿ ನಾಲ್ಕಾರು ಮುಳ್ಳುಕೊಂಬೆ ಹೂತಿಡಿ. ಬೀಸುಬಲೆ ಅದಕ್ಕೆ ಸಿಕ್ಕಿ ಹರಿಯುತ್ತದೆ. ಇದರ ಬಗ್ಗೆ ಇಷ್ಟು ಸಾಕು, ಊರಿನಲ್ಲಿ ಇರಬೇಕಲ್ಲ.

ಸರಿಯಾಯಿತು ಅಂತ ಗೊತ್ತಾಗುವುದು ಹೇಗೆ?

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಹತ್ತು ಹದಿನೈದು ದಿನ ಕಾಯಿರಿ. ದಾರ, ಬೇಲಿ, ಕೋಡಿಯ ಜಾಲರಿ ಎಲ್ಲ ಒಂದೇ ವಾರ ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ತಿಳಿಯುವುದಿಲ್ಲ. ಮುಂದಿನ ವರ್ಷ ಹಾಳಾದಾಗ ಯಾವುದನ್ನು ರಿಪೇರಿ ಮಾಡಬೇಕು ಅಂತಲೂ ತಿಳಿಯುವುದಿಲ್ಲ. ಮರಳು ಹತ್ತು ದಿನ ಹಾಗೇ ನುಣುಪಾಗಿದ್ದು, ತಿಂಡಿಗೆ ಮೀನು ಮೊದಲಿನಂತೆ ಗುಂಪಾಗಿ ಬಂದರೆ ಹೊರಗಿನ ಕಾಟ ನಿಂತಿದೆ. ಕೊನೆಯ ಲೆಕ್ಕ ಏಪ್ರಿಲ್‌ನಲ್ಲಿ, ನೀರು ಇಳಿಸಿ ಎಣಿಸಿದಾಗ.

ಬೇಲಿ ಹಾಕಿದ ಮೇಲಿನ ಮಳೆಗಾಲದಲ್ಲಿ ಮತ್ತೆ 40 ಮರಿ ಬಿಟ್ಟೆ. ದಾರ ಇತ್ತು, ಸೋಲಾರ್ ತಂತಿ ಇತ್ತು, ಕೋಡಿಗೆ ಅರ್ಧಚಂದ್ರದ ಜಾಲರಿ, ಪೈಪಿಗೆ ಪರದೆಯ ಚೀಲ. ಮಳೆಗಾಲದ ಕೆಸರಿನ ಮೇಲಾಗಲಿ, ಆಮೇಲಿನ ಮರಳಿನ ಮೇಲಾಗಲಿ ವರ್ಷವಿಡೀ ನಮ್ಮ ನಾಯಿಯ ಹೆಜ್ಜೆ ಬಿಟ್ಟು ಇನ್ನೊಂದಿಲ್ಲ. ಏಪ್ರಿಲ್‌ನಲ್ಲಿ ನೀರು ಮೊಣಕಾಲಿಗೆ ಇಳಿದಾಗ ಎಣಿಸಿದರೆ 27. ಉಳಿದ 13 ಎಲ್ಲಿ ಅಂತ ಅಮ್ಮ ಕೇಳುತ್ತಿದ್ದರು. ಆ ಕೆಸರಿನಲ್ಲಿ ಪೈಪಿನ ಒಂದು ತುಂಡು ಎತ್ತಿದೆ. ಒಳಗಿನಿಂದ ಒಂದೂವರೆ ಅಡಿ ಉದ್ದದ ಕೊರವ ಜಾರಿ ನನ್ನ ಕಾಲ ಮೇಲೇ ಬಿತ್ತು. ಚೀಲ ಕಟ್ಟುವ ಮೊದಲೇ ಬಂದು ಸೇರಿಕೊಂಡಿರಬೇಕು. ಆವತ್ತು ರಾತ್ರಿ ಅದರದ್ದೇ ಸಾರು.